ಐರ್ಲೆಂಡಿನ ಪುಟ್ಟ ದ್ವೀಪದ ಮರಳದಂಡೆಗೆ ಅಪ್ಪ ಅಮ್ಮನ ಜೊತೆ: ಒಂದು ದಿನ ಸಾಕೇ?

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದ್ದೇವೆ, ಊರು ಕುಮಟಾ. ಜುಲೈನಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಜನಜಂಗುಳಿಯ ಊರುಗಳಿಗಿಂತ ಸಮುದ್ರ ಇಷ್ಟ. ಗಾಲ್ವೇ ಕಡೆಯ ಇನಿಶ್‌ಬಾಫಿನ್ ದ್ವೀಪದ ಫೋಟೊ ನೋಡಿದೆವು (ಜೊತೆಗೆ ಕಳಿಸಿದ್ದೇನೆ). ಬಿಳಿ ಮರಳು, ಹಸಿರು ನೀರು, ಒಬ್ಬರೂ ಇಲ್ಲ. ಒಂದೇ ದಿನದಲ್ಲಿ ಹೋಗಿ ಬರಬಹುದೇ? ಏಳು ವರ್ಷದ ಮಗಳು ನೀರಿಗಿಳಿಯಬಹುದೇ? ಅಮ್ಮನಿಗೆ ಮಂಡಿನೋವು ಇದೆ, ಹೆಚ್ಚು ನಡೆಯಲಾರರು. ನಾವು ಸಸ್ಯಾಹಾರಿಗಳು.

ಉತ್ತರ: ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಕನಿಷ್ಠ ಒಂದು ರಾತ್ರಿ ದ್ವೀಪದಲ್ಲೇ ಉಳಿಯಿರಿ, ಸಾಧ್ಯವಾದರೆ ಎರಡು. ಮಗಳು ನೀರಿಗಿಳಿಯಬಹುದು. ಆದರೆ ನೀವು ಕಳಿಸಿದ ಫೋಟೊದಲ್ಲಿರುವ ದಂಡೆಯಲ್ಲಿ ಖಂಡಿತ ಬೇಡ. ಅದು ದ್ವೀಪದ ಪಶ್ಚಿಮ ಭಾಗದ ಟ್ರಾ ಯಾಲ್. ಮಗುವಿರಲಿ, ಚೆನ್ನಾಗಿ ಈಜು ಬಲ್ಲ ದೊಡ್ಡವರೂ ಅಲ್ಲಿ ನೀರಿಗೆ ಇಳಿಯಬಾರದು. ನಾನು ಗಾಲ್ವೇಯಲ್ಲಿ ನೆಲೆಸಿ, ಈ ಪಶ್ಚಿಮದ ದ್ವೀಪಗಳಿಗೆ ಜನರನ್ನು ನಡಿಗೆಗೆ ಕರೆದುಕೊಂಡು ಹೋಗುವವನು. ಊರಿನಿಂದ ಬಂದ ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೋಗುವವರಿಗೆ ಹೇಳಬೇಕಾದದ್ದು ಬಹಳ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ರಾತ್ರಿ ಉಳಿಯಿರಿ ಅನ್ನುವುದಕ್ಕೆ ಮೊದಲ ಕಾರಣ ದೂರ. ಡಬ್ಲಿನ್‌ನಿಂದ ಗಾಲ್ವೇಗೆ ಕಾರಿನಲ್ಲಿ ಎರಡೂವರೆ ಗಂಟೆ. ಅಲ್ಲಿಂದ ಕ್ಲಿಫ್ಡನ್ ಮೂಲಕ ಕ್ಲೆಗನ್ ಎಂಬ ಸಣ್ಣ ಬಂದರಿಗೆ ಇನ್ನೂ ಒಂದೂವರೆ ಗಂಟೆ. ಗಾಲ್ವೇ ದಾಟಿದ ಮೇಲೆ ಮೋಟರ್‌ವೇ ಇಲ್ಲ. ಗಾಲ್ವೇ ಕೌಂಟಿಯ ಪಶ್ಚಿಮ ಭಾಗವಾದ ಕಾನಮಾರಾದ ಸರೋವರ, ಜೌಗು, ಬೆಟ್ಟಗಳ ನಡುವೆ ತಿರುಗುವ ಕಿರಿದಾದ ರಸ್ತೆ, ಅದರ ಮೇಲೆ ಕುರಿಗಳು. ಕ್ಲೆಗನ್‌ನಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ. ಇಷ್ಟನ್ನೂ ಒಂದೇ ದಿನದಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ಮಾಡಿದರೆ ಅಮ್ಮನ ಮಂಡಿಗೆ ನಡಿಗೆಗಿಂತ ಕಾರಿನ ಸೀಟೇ ಹೆಚ್ಚು ನೋವು ಕೊಡುತ್ತದೆ.

ಎರಡನೆಯ ಕಾರಣ ನನ್ನ ಪ್ರಕಾರ ಇನ್ನೂ ದೊಡ್ಡದು. ನೀವು ಬಯಸುತ್ತಿರುವ ನಿಶ್ಶಬ್ದ ಮಧ್ಯಾಹ್ನದ ಹೊತ್ತಿನಲ್ಲಿ ಸಿಗುವುದಿಲ್ಲ. ಇನಿಶ್‌ಬಾಫಿನ್‌ನಲ್ಲಿ ವರ್ಷವಿಡೀ ವಾಸಿಸುವವರು ಇನ್ನೂರಕ್ಕೂ ಕಡಿಮೆ. ಜುಲೈನ ಒಳ್ಳೆಯ ಬಿಸಿಲಿನ ದಿನ ಬೆಳಗಿನ ದೋಣಿಯಲ್ಲಿ ಬಂದಿಳಿಯುವ ಜನ ಅವರ ಲೆಕ್ಕವನ್ನು ಮೀರಿದರೂ ಆಶ್ಚರ್ಯವಿಲ್ಲ. ಅವರೆಲ್ಲ ಸೈಕಲ್ ಬಾಡಿಗೆಗೆ ಪಡೆದು, ದಂಡೆಗೆ ಹೋಗಿ, ಊಟ ಮಾಡಿ, ಸಂಜೆಯ ಕೊನೆಯ ದೋಣಿಗೆ ಹೊರಟುಬಿಡುತ್ತಾರೆ. ಆಮೇಲೆ ದ್ವೀಪ ಉಳಿದವರದು. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಆಸುಪಾಸಿನಲ್ಲಿ, ಅದಾದ ಮೇಲೂ ಬಹಳ ಹೊತ್ತು ಬೆಳಕು ಆರುವುದಿಲ್ಲ. ಅಂದರೆ ಕೊನೆಯ ದೋಣಿ ಹೋದ ನಂತರ ನಿಮಗೆ ಗಂಟೆಗಟ್ಟಲೆ ಹಗಲು ಮಿಕ್ಕಿರುತ್ತದೆ. ಅಪ್ಪ ಅಮ್ಮನನ್ನು ಮರಳಿನ ಮೇಲೆ ಕರೆದುಕೊಂಡು ಹೋಗಬೇಕಾದ ಹೊತ್ತು ಅದೇ. ದಿನದ ಪ್ರವಾಸಿಗರಿಗೆ ಅದು ಸಿಗುವುದೇ ಇಲ್ಲ.

ಟಿಕೆಟ್ ಬುಕ್ ಮಾಡುವ ಮುನ್ನ ಒಂದು ಎಚ್ಚರಿಕೆ: ಐರ್ಲೆಂಡಿನಲ್ಲಿ ಇನಿಶ್‌ಬಾಫಿನ್ ಹೆಸರಿನ ಇನ್ನೊಂದು ದ್ವೀಪ ಉತ್ತರದ ಡೊನೆಗಾಲ್‌ನಲ್ಲಿದೆ. ನಿಮಗೆ ಬೇಕಾದದ್ದು ಗಾಲ್ವೇ ಕೌಂಟಿಯದು, ದೋಣಿ ಹೊರಡುವುದು ಕ್ಲೆಗನ್‌ನಿಂದ. ಪ್ರವಾಸಿಗರ ಕಾರು ದೋಣಿ ಏರುವುದಿಲ್ಲ. ಕ್ಲೆಗನ್‌ನಲ್ಲೇ ನಿಲ್ಲಿಸಿ, ಎರಡು ದಿನಕ್ಕೆ ಬೇಕಾದಷ್ಟನ್ನು ಬೆನ್ನಚೀಲಗಳಲ್ಲಿ ತುಂಬಿಕೊಳ್ಳಿ. ಚಕ್ರದ ದೊಡ್ಡ ಸೂಟ್‌ಕೇಸ್ ಧಕ್ಕೆಯ ಮೇಲೆ ಬರೀ ತೊಂದರೆ. ಜುಲೈನಲ್ಲಿ ದೋಣಿಯ ಟಿಕೆಟ್‌ಗಿಂತ ಮೊದಲು ಉಳಿಯುವ ಜಾಗವನ್ನು ಗೊತ್ತು ಮಾಡಿಕೊಳ್ಳಿ. ಹೋಟೆಲು, ಮನೆವಾಸ, ಹಾಸ್ಟೆಲ್ ಎಲ್ಲ ಇವೆ, ಆದರೆ ಕೋಣೆಗಳ ಸಂಖ್ಯೆಯೇ ಸಣ್ಣದು.

ಅಮ್ಮನ ವಿಷಯದಲ್ಲಿ ದೋಣಿಯ ಕುರಿತು ಒಂದು ಮಾತು. ಈ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಸುತ್ತಮುತ್ತ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ನಾಲ್ಕು ಮೀಟರ್‌ನಷ್ಟು ಅಂತರ ಬರುತ್ತದೆ. ಕುಮಟಾದಲ್ಲಿ ಅದು ಎರಡು ಮೀಟರ್‌ನ ಒಳಗೇ ಇರುತ್ತದೆ. ಪೂರ್ತಿ ಇಳಿತದ ಹೊತ್ತಿನಲ್ಲಿ ದೋಣಿ ಧಕ್ಕೆಯಿಂದ ಬಹಳ ಕೆಳಗೆ ಕೂತಿರುತ್ತದೆ, ಹತ್ತಿ ಇಳಿಯುವುದು ಮಂಡಿಗೆ ಕಷ್ಟ. ದಿನಕ್ಕೆ ಹಲವು ದೋಣಿಗಳಿದ್ದಾಗ ಭರತಕ್ಕೆ ಹತ್ತಿರದ ಹೊತ್ತಿನದನ್ನು ಆರಿಸಿಕೊಳ್ಳಿ, ಮಂಡಿನೋವು ಇರುವುದನ್ನು ಸಿಬ್ಬಂದಿಗೆ ಮೊದಲೇ ಹೇಳಿ. ಕೈಹಿಡಿದು ಹತ್ತಿಸುವುದರಲ್ಲಿ ಅವರು ಪಳಗಿದವರು. ವಾಕರಿಕೆಯ ಭಯವಿದ್ದರೆ ಮಾತ್ರೆಯನ್ನು ದೋಣಿ ಹತ್ತುವ ಅರ್ಧ ಗಂಟೆ ಮೊದಲೇ ನುಂಗಿಸಿ, ಹೊರಗೆ ಹಿಂಭಾಗದಲ್ಲಿ ಕೂರಿಸಿ, ದಿಗಂತವನ್ನು ನೋಡಲು ಹೇಳಿ.

ಈಗ ದಂಡೆಗಳ ವಿಷಯ. ಮುಖ್ಯವಾಗಿ ಮೂರು. ದ್ವೀಪದ ಪೂರ್ವ ತುದಿಯ ಊರಿನ ಎದುರಿಗೆ ಇರುವುದು ಈಸ್ಟ್ ಎಂಡ್ ದಂಡೆ. ಆಗ್ನೇಯದಲ್ಲಿ ಮರಳದಿಬ್ಬಗಳ ಬೆನ್ನಿಗಿರುವುದು ಡುವಾಕ್. ಪಶ್ಚಿಮದಲ್ಲಿ ಟ್ರಾ ಯಾಲ್. ಮೊದಲೆರಡು ಮಿಂದು ಆಡುವುದಕ್ಕೆ, ಮೂರನೆಯದು ನೋಡುವುದಕ್ಕೆ.

ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಈಸ್ಟ್ ಎಂಡ್. ಕಾರಣ ಗಾಳಿ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯಲ್ಲೂ ಗಾಳಿ ಬೀಸುವುದು ಬಹುಪಾಲು ನೈಋತ್ಯ ಮತ್ತು ಪಶ್ಚಿಮದಿಂದ. ಅಟ್ಲಾಂಟಿಕ್‌ನ ತೆರೆಗಳೂ ಅದೇ ದಿಕ್ಕಿನಿಂದ ಉರುಳಿ ಬರುತ್ತವೆ. ದ್ವೀಪದ ಇಡೀ ಒಡಲು ಈ ದಂಡೆಗೆ ಮರೆಯಾಗಿ ನಿಲ್ಲುತ್ತದೆ. ಎದುರಿಗೆ ಇನಿಶ್‌ಲಯನ್ ಎಂಬ ಜನವಸತಿಯಿಲ್ಲದ ಪುಟ್ಟ ನಡುಗಡ್ಡೆ, ಅದರಾಚೆ ಕಾನಮಾರಾದ ಬೆಟ್ಟಗಳ ಸಾಲು. ಪಶ್ಚಿಮದಲ್ಲಿ ಟೋಪಿ ಹಾರಿಹೋಗುವಷ್ಟು ಗಾಳಿಯಿದ್ದಾಗಲೂ ಇಲ್ಲಿ ಮಗು ಮರಳಿನ ಗುಬ್ಬಚ್ಚಿಮನೆ ಕಟ್ಟುತ್ತ ಕೂರಬಹುದು. ಧಕ್ಕೆಯಿಂದ ರಸ್ತೆಯಲ್ಲೇ ನಡೆದರೆ ನಿಮಗೆ ಅರ್ಧ ಗಂಟೆಯ ದಾರಿ. ಅಮ್ಮನಿಗೆ ಅದು ಬೇಡ. ಕೋಣೆ ಬುಕ್ ಮಾಡುವಾಗಲೇ ವಾಹನದ ಬಗ್ಗೆ ಕೇಳಿ, ಇಲ್ಲವೇ ಪೂರ್ವದ ಕಡೆಯೇ ಕೋಣೆ ಹುಡುಕಿ. ದ್ವೀಪದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಹಿರಿಯರಿದ್ದಾರೆ ಎಂದು ಒಂದು ಮಾತು ಹೇಳಿದರೆ ಏನಾದರೊಂದು ವ್ಯವಸ್ಥೆ ಆಗುತ್ತದೆ. ಮಡಚುವ ಕುರ್ಚಿ ಒಂದಿದ್ದರೆ ತನ್ನಿ. ಮಂಡಿನೋವಿನವರಿಗೆ ಮರಳಿನ ಮೇಲೆ ಕೂರುವುದು ಕಷ್ಟವಲ್ಲ, ಏಳುವುದು ಕಷ್ಟ. ನಡೆಯುವುದಾದರೆ ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳಿನ ಮೇಲೆ ನಡೆಸಿ. ಅದು ಗಟ್ಟಿಯಾಗಿ ಸಮತಟ್ಟಾಗಿರುತ್ತದೆ. ಮೇಲಿನ ಒಣಮರಳಿನಲ್ಲಿ ಕಾಲು ಹೂತು ಮಂಡಿ ತಿರುಚುತ್ತದೆ.

ಡುವಾಕ್ ನನಗೆ ಇನ್ನೂ ಪ್ರಿಯವಾದದ್ದು. ಅಲ್ಲಿಗೆ ಹೋಗುವವರು ಇನ್ನೂ ಕಡಿಮೆ. ಆದರೆ ದಕ್ಷಿಣದ ಗಾಳಿಯಿದ್ದ ದಿನ ಅಲ್ಲಿ ಮರೆಯಿಲ್ಲ, ಕೊನೆಯ ತುಸು ದಾರಿ ಹುಲ್ಲು ಮರಳಿನ ಏರಿಳಿತ. ಅಮ್ಮನನ್ನು ಈಸ್ಟ್ ಎಂಡ್‌ನಲ್ಲಿ ಅಪ್ಪನ ಜೊತೆ ಬಿಟ್ಟು ನೀವಿಬ್ಬರೂ ಮಗಳೊಂದಿಗೆ ಒಂದು ಸುತ್ತು ಹೋಗಿ ಬನ್ನಿ. ದಿಬ್ಬಗಳ ಮೇಲೆ ಬೆಳೆದ ಮ್ಯಾರಮ್ ಹುಲ್ಲನ್ನು ತುಳಿಯದೆ, ಇರುವ ಕಾಲುದಾರಿಯಲ್ಲೇ ಇಳಿಯಿರಿ. ಮರಳನ್ನು ಬೇರಿನಿಂದ ಹಿಡಿದಿಟ್ಟಿರುವುದೇ ಆ ಹುಲ್ಲು. ಒಂದು ಕಡೆ ಬುಡ ಸತ್ತರೆ ಚಳಿಗಾಲದ ಬಿರುಗಾಳಿ ಅಲ್ಲಿಂದಲೇ ದಿಬ್ಬವನ್ನು ಬಗೆದು ಹಾಕುತ್ತದೆ. ದಂಡೆಯ ಮೇಲ್ಭಾಗದ ಕಲ್ಲುಚೂರುಗಳ ನಡುವೆ ಸಣ್ಣ ಕಡಲಹಕ್ಕಿಗಳು ಗೂಡೇ ಕಟ್ಟದೆ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಹಕ್ಕಿಯೊಂದು ನಿಮ್ಮ ತಲೆಯ ಮೇಲೆ ಸುತ್ತುತ್ತ ಕೂಗಾಡಿದರೆ ಮೊಟ್ಟೆ ಹತ್ತಿರದಲ್ಲೇ ಇದೆ ಎಂದು ತಿಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ.

ಮರಳಿನ ಬಣ್ಣ ನೋಡಿ ಅಪ್ಪ ಕೇಳಿಯೇ ಕೇಳುತ್ತಾರೆ. ಕಾನಮಾರಾ ಕರಾವಳಿಯ ಬಿಳಿ ಮರಳಿನಲ್ಲಿ ಚಿಪ್ಪುಗಳ ಪುಡಿಯ ಪಾಲು ದೊಡ್ಡದು. ನಮ್ಮ ಕಡೆ ಹೊಳೆಗಳು ಘಟ್ಟದಿಂದ ಕಲ್ಲಿನ ಕಣಗಳನ್ನು ಹೊತ್ತು ತಂದು ದಂಡೆ ತುಂಬಿಸುತ್ತವೆ. ಈ ದ್ವೀಪದಲ್ಲಿ ಅಂಥ ಹೊಳೆ ಯಾವುದೂ ಇಲ್ಲ. ಇಲ್ಲಿ ಅಲೆಗಳೇ ತಲೆಮಾರುಗಟ್ಟಲೆ ಚಿಪ್ಪನ್ನು ಅರೆದಿವೆ. ನೀರು ಆಳವಿಲ್ಲದ ಕಡೆ ಹಸಿರಾಗಿ ಹೊಳೆಯುವುದೂ ಕೆಳಗೆ ಬಿಳಿ ನೆಲವಿರುವುದರಿಂದಲೇ. ಒಂದು ಹಿಡಿ ಮರಳನ್ನು ಮಗಳ ಅಂಗೈಯಲ್ಲಿ ಹಾಕಿ ಭೂತಗನ್ನಡಿಯಲ್ಲಿ ತೋರಿಸಿ. ಅದು ಅವಳಿಗೆ ಅರ್ಧ ಗಂಟೆಯ ಕೆಲಸ.

ಟ್ರಾ ಯಾಲ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರ ಕಣ್ಣು ಬೀಳುವುದು ಅದರ ಫೋಟೊದ ಮೇಲೆಯೇ. ಮೇಲಿನಿಂದ ನೋಡಿದರೆ ಇಡೀ ಕಾನಮಾರಾದಲ್ಲಿ ಅದರಷ್ಟು ಚೆಲುವಾದ ದಂಡೆ ಇಲ್ಲ ಎಂದೇ ನನ್ನ ಅನಿಸಿಕೆ. ಎದುರಿಗೆ ಇನಿಶಾರ್ಕ್ ದ್ವೀಪ. ಎರಡು ದ್ವೀಪಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಭರತ ಇಳಿತದ ನೀರೆಲ್ಲ ನುಗ್ಗಿ ಹಾಯುತ್ತದೆ. ಅದರ ಮೇಲೆ ಅಟ್ಲಾಂಟಿಕ್‌ನ ತೆರೆ ನೇರವಾಗಿ ಒಡೆಯುತ್ತದೆ. ಒಡೆದು ದಂಡೆಗೆ ಏರಿದ ನೀರು ಹಿಂದಿರುಗುವಾಗ ಎಲ್ಲ ಕಡೆ ಸಮನಾಗಿ ಹೋಗುವುದಿಲ್ಲ. ಎಲ್ಲೋ ಒಂದು ಕಡೆ ಕಾಲುವೆ ಮಾಡಿಕೊಂಡು ಕಡಲಿಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಮೇಲ್ಮೈ ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಸುರಕ್ಷಿತ ಎಂದುಕೊಂಡು ಇಳಿಯುವುದೇ ಅಲ್ಲಿ. ಗೋಕರ್ಣದಲ್ಲಿ, ಮುರುಡೇಶ್ವರದಲ್ಲಿ ಹೊರಗಿನಿಂದ ಬಂದ ಹುಡುಗರು ಸೆಳೆತಕ್ಕೆ ಸಿಕ್ಕಿದ ಸುದ್ದಿ ಕೇಳುತ್ತಲೇ ಬೆಳೆದವರು ನೀವು, ನಿಮಗೆ ಹೆಚ್ಚು ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಇಲ್ಲಿ ದಂಡೆಯ ಮೇಲೆ ಕೂಗು ಕೇಳುವವರು ಯಾರೂ ಇರುವುದಿಲ್ಲ, ನೀರಿನ ತಣ್ಣನೆಗೆ ಕೈಕಾಲು ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ.

ಆದರೂ ನೀವಾದರೂ ಅಲ್ಲಿಗೆ ನಡೆದುಹೋಗಿ. ದ್ವೀಪದ ಪಶ್ಚಿಮ ಭಾಗವನ್ನು ಸುತ್ತಿ ಬರುವ ವೆಸ್ಟ್‌ಕ್ವಾರ್ಟರ್ ಕಾಲುದಾರಿ ಸುಮಾರು 8 ಕಿಲೋಮೀಟರ್, ಅಪ್ಪ ನಡೆಯುವವರಾದರೆ ಕರೆದುಕೊಂಡು ಹೋಗಿ. ಎದುರಿನ ಇನಿಶಾರ್ಕ್‌ನಲ್ಲಿ ಚಾವಣಿಯಿಲ್ಲದ ಮನೆಗಳ ಗೋಡೆಗಳು ಕಾಣುತ್ತವೆ. ಅಲ್ಲಿ ಉಳಿದಿದ್ದ ಕೊನೆಯ ಕೆಲವು ಕುಟುಂಬಗಳನ್ನು 1960ರ ಅಕ್ಟೋಬರ್‌ನಲ್ಲಿ ದನಕರು, ಪಾತ್ರೆಪಗಡಿ ಸಮೇತ ಸಾಗಿಸಿ ಎದುರಿನ ಮುಖ್ಯ ಭೂಭಾಗದ ಕರಾವಳಿಯಲ್ಲಿ ನೆಲೆಗೊಳಿಸಿದರು. ಆ ದ್ವೀಪಕ್ಕೆ ಸುರಕ್ಷಿತ ಬಂದರು ಎಂಬುದೇ ಇರಲಿಲ್ಲ. ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಹೊರಡುತ್ತಿರಲಿಲ್ಲ. ವೈದ್ಯರನ್ನೂ ಪಾದ್ರಿಯನ್ನೂ ಕರೆತರಲಾಗುತ್ತಿರಲಿಲ್ಲ. ಇನಿಶ್‌ಬಾಫಿನ್ ಉಳಿದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ ದಕ್ಷಿಣಕ್ಕಿರುವ ಅದರ ಒಳಸರಿದ, ಮರೆಯುಳ್ಳ ಬಂದರು. ಎರಡು ದ್ವೀಪಗಳ ನಡುವೆ ಇರುವುದು ಆ ಇಕ್ಕಟ್ಟಾದ ನೀರಿನ ಸಂದಿಯಷ್ಟೇ, ಆದರೆ ಒಂದರಲ್ಲಿ ಶಾಲೆಯಿದೆ, ಇನ್ನೊಂದರಲ್ಲಿ ಕುರಿಗಳಿವೆ. ಅಪ್ಪನಿಗೆ ಈ ಕತೆ ಹೇಳಿ. ಮಳೆಗಾಲದಲ್ಲಿ ಕಡಲಿಗೆ ಇಳಿಯಲಾಗದ ಮೀನುಗಾರರ ಊರನ್ನು ನೋಡಿದವರಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಈ ಕಡಲನ್ನು ಇಲ್ಲಿನವರು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ 1927ರ ಅಕ್ಟೋಬರ್ 28ರ ರಾತ್ರಿ ಸಾಕು. ಮೀನಿಗೆ ಹೋದ ಹಗುರ ದೋಣಿಗಳ ಮೇಲೆ ಏಕಾಏಕಿ ಬಿರುಗಾಳಿ ಎರಗಿತು. ಇನಿಶ್‌ಬಾಫಿನ್‌ನ 9 ಮಂದಿ, ಕ್ಲೆಗನ್ ಪಕ್ಕದ ರೊಸಡಿಲಿಸ್ಕ್ ಎಂಬ ಪುಟ್ಟ ಊರೊಂದರಿಂದಲೇ 16 ಮಂದಿ ಆ ರಾತ್ರಿ ಮುಳುಗಿದರು. ಹಾಗಾಗಿ ದೋಣಿಯವರು ಇವತ್ತು ಬೇಡ ಎಂದರೆ ವಾದಿಸಬೇಡಿ.

ಮಗಳನ್ನು ನೀರಿಗಿಳಿಸುವ ಬಗ್ಗೆ: ಜುಲೈನಲ್ಲಿ ಇಲ್ಲಿನ ಸಮುದ್ರದ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕುಮಟಾದ ನೀರು ಅದರ ಹತ್ತಿರ ಹತ್ತಿರ ಎರಡು ಪಟ್ಟು ಬೆಚ್ಚಗೆ. ಬಿಸಿಲು ನೋಡಿ ಓಡಿಹೋಗಿ ದುಮುಕಿದರೆ ಎದೆ ಹಿಡಿದಂತಾಗಿ ಉಸಿರು ಎಳೆಎಳೆದು ಬರುತ್ತದೆ. ಆ ಮೊದಲ ಒಂದೆರಡು ನಿಮಿಷವೇ ಅಪಾಯದ ಹೊತ್ತು, ಏಕೆಂದರೆ ಉಸಿರಿನ ಜೊತೆ ನೀರೂ ಒಳಹೋಗಬಹುದು. ಪಾದ, ಮಂಡಿ, ಸೊಂಟ ಹೀಗೆ ನಿಧಾನವಾಗಿ ಇಳಿಯಿರಿ, ಮುಖಕ್ಕೂ ಕತ್ತಿನ ಹಿಂಭಾಗಕ್ಕೂ ನೀರು ಚಿಮುಕಿಸಿಕೊಳ್ಳಿ, ಉಸಿರು ಹದಕ್ಕೆ ಬಂದ ಮೇಲೆ ಮುಂದಿನ ಹೆಜ್ಜೆ. ಮಗುವಿಗೆ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಈಜುಡುಗೆ) ಹಾಕಿಸಿ, ಡಬ್ಲಿನ್‌ನ ಕ್ರೀಡಾ ಅಂಗಡಿಗಳಲ್ಲಿ ದುಬಾರಿಯಲ್ಲದವೂ ಸಿಗುತ್ತವೆ. ಹತ್ತು ಹದಿನೈದು ನಿಮಿಷ ಸಾಕು. ತುಟಿ ನೀಲಿಯಾಗುವವರೆಗೆ ಕಾಯಬೇಡಿ. ಹೊರಬಂದ ಕೂಡಲೇ ಒದ್ದೆ ಬಟ್ಟೆ ಬಿಚ್ಚಿ, ಒರೆಸಿ, ಉಣ್ಣೆಯ ಟೋಪಿ ಹಾಕಿ, ಬಿಸಿ ಹಾಲೋ ಸಾರೋ ಕುಡಿಸಿ. ಈಜಿ ಬಂದ ಮೇಲೂ ಹತ್ತಿಪ್ಪತ್ತು ನಿಮಿಷ ಮೈ ಒಳಗಿಂದ ತಣ್ಣಗಾಗುತ್ತ ಹೋಗುತ್ತದೆ, ನಡುಕ ಶುರುವಾಗುವುದು ಆಗಲೇ.

ದಂಡೆಯಲ್ಲಿ ಜೀವರಕ್ಷಕರು ಇರುತ್ತಾರೆಂದು ನಂಬಿ ಹೋಗಬೇಡಿ. ಮಗು ನೀರಿನಲ್ಲಿದ್ದಷ್ಟು ಹೊತ್ತು ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿ ನೀರಿನಲ್ಲೇ ಇರಬೇಕು, ಫೋನು ಹಿಡಿದು ದಂಡೆಯಲ್ಲಲ್ಲ. ಗಾಳಿ ತುಂಬುವ ಬಾತುಕೋಳಿ, ತೇಲುಹಾಸಿಗೆ ಯಾವುದನ್ನೂ ಒಯ್ಯಬೇಡಿ. ಈಸ್ಟ್ ಎಂಡ್ ಶಾಂತವಾಗಿರುವುದು ಪಶ್ಚಿಮದ ಗಾಳಿಗೆ ನೆಲ ಮರೆಯಾಗಿರುವುದರಿಂದ ಎಂದೆನಲ್ಲ, ಅದೇ ಗಾಳಿ ದಂಡೆಯಿಂದ ಕಡಲಿನ ಕಡೆಗೆ ಬೀಸುತ್ತಿರುತ್ತದೆ. ತೇಲುವ ಆಟಿಕೆಯನ್ನು ಅದು ನೀವು ಈಜುವುದಕ್ಕಿಂತ ವೇಗವಾಗಿ ಹೊರಗೊಯ್ಯುತ್ತದೆ. ಹಾಗೇನಾದರೂ ಆಗಿ, ಅಥವಾ ಯಾರಾದರೂ ಸೆಳೆತಕ್ಕೆ ಸಿಕ್ಕಿದ್ದು ಕಂಡರೆ, 112 ಅಥವಾ 999ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಬೇಕು ಎನ್ನಿ.

ಲೋಳೆಮೀನುಗಳನ್ನೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ಐರ್ಲೆಂಡಿನ ನೀರಿನಲ್ಲಿ ಹಲವು ಬಗೆಯವು ಬರುತ್ತವೆ, ಕೆಲವು ನಿರುಪದ್ರವಿಗಳು, ಕೆಲವು ಚುಚ್ಚುತ್ತವೆ. ಸಿಂಹದ ಕೇಸರದಂತೆ ಕಂದುಕೆಂಪು ಎಳೆಗಳ ರಾಶಿ ಇಳಿಬಿಟ್ಟಿರುವ ಲಯನ್ಸ್ ಮೇನ್ ಅಂತೂ ಬಹಳ ಜೋರಾಗಿ ಚುಚ್ಚುತ್ತದೆ. ದಂಡೆಗೆ ಬಿದ್ದು ಸತ್ತದ್ದನ್ನೂ ಮುಟ್ಟಬಾರದು. ಚುಚ್ಚಿದ ಜಾಗಕ್ಕೆ ಸಮುದ್ರದ ನೀರು ಹಾಕಿ ಐಸ್ ಇಡುವುದು ಹಳೆಯ ರೂಢಿ. ಗಾಲ್ವೇ ಮತ್ತು ಹವಾಯಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರಿಂದ ವಿಷ ಇನ್ನಷ್ಟು ಇಳಿಯುತ್ತದೆ ಎಂದು ಕಂಡುಬಂತು. ವಿನೆಗರ್‌ನಲ್ಲಿ ತೊಳೆದು, 45 ಡಿಗ್ರಿಯ ಬಿಸಿ ಶಾಖವನ್ನು 40 ನಿಮಿಷ ಕೊಡುವುದು ಅವರು ಕಂಡುಕೊಂಡ ಉಪಾಯ. ಸಣ್ಣ ಬಾಟಲಿಯಲ್ಲಿ ವಿನೆಗರ್ ಇಟ್ಟುಕೊಳ್ಳಿ. ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು ಕಂಡರೆ ಕಾಯದೆ 112ಕ್ಕೆ ಕರೆ ಮಾಡಿ.

ಸೀಲ್‌ಗಳು ಈ ದ್ವೀಪಗಳ ಸುತ್ತ ಬಹಳ. ನೀರಿನಿಂದ ತಲೆಯೆತ್ತಿ ನಿಮ್ಮನ್ನೇ ನೋಡುತ್ತ ನಿಂತರೆ ಹೆದರಬೇಡಿ, ಹತ್ತಿರ ಈಜಿಕೊಂಡು ಹೋಗಲೂ ಬೇಡಿ.

ಸಂಜೆಯ ಮಾತಿಗೆ ಬರುತ್ತೇನೆ. ಊಟ ಮುಗಿಸಿ ಎಂಟೂವರೆಯ ಮೇಲೆ ಮತ್ತೆ ದಂಡೆಗೆ ಬನ್ನಿ. ಬೆನ್ನ ಹಿಂದಿನಿಂದ ಬೀಳುವ ಇಳಿಬಿಸಿಲಿನಲ್ಲಿ ಎದುರಿನ ಕಾನಮಾರಾ ಬೆಟ್ಟಗಳು ಒಂದೊಂದಾಗಿ ಬಣ್ಣ ಬದಲಿಸುತ್ತವೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಇರಲೇಬೇಕು, ಅಮ್ಮನಿಗೆ ಕಿವಿ ಮುಚ್ಚುವ ಶಾಲು. ಮಗಳು ಎಚ್ಚರವಾಗಿದ್ದರೆ ಹತ್ತೂವರೆಯ ಮೇಲೆ ಹುಲ್ಲುಗಾವಲ ಬದಿಯ ರಸ್ತೆಯಲ್ಲಿ ಸುಮ್ಮನೆ ನಿಂತು ಕಿವಿಗೊಡಿ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂಥ ಎರಡೆರಡು ಸ್ವರದ ಒಣ ಸದ್ದು ಬಿಟ್ಟೂಬಿಡದೆ ಕೇಳಿದರೆ ಅದು ಕಾರ್ನ್‌ಕ್ರೇಕ್. ನಮ್ಮ ಗದ್ದೆಬದಿಯ ಹುಂಡುಕೋಳಿಯ ಕುಟುಂಬಕ್ಕೇ ಸೇರಿದ, ಕಣ್ಣಿಗೆ ಬೀಳುವುದೇ ಅಪರೂಪವಾದ ಹಕ್ಕಿ. ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು ಏಪ್ರಿಲ್ ಮೇ ಹೊತ್ತಿಗೆ ಹಾರಿಬರುತ್ತದೆ. ಒಂದು ಕಾಲದಲ್ಲಿ ಐರ್ಲೆಂಡಿನ ಎಲ್ಲ ಹುಲ್ಲುಗದ್ದೆಗಳಲ್ಲಿ ಇದ್ದದ್ದು. ಯಂತ್ರದಲ್ಲಿ ಬೇಗ ಹುಲ್ಲು ಕೊಯ್ಯತೊಡಗಿದ ಮೇಲೆ ಗೂಡು ಮರಿ ಸಮೇತ ನಾಶವಾಗುತ್ತ ಬಂದು, ಈಗ ಪಶ್ಚಿಮ ಮತ್ತು ವಾಯವ್ಯದ ಇಂಥ ಕೆಲವು ಮೂಲೆಗಳಲ್ಲಷ್ಟೇ ಉಳಿದಿದೆ. ಅದಕ್ಕಾಗಿ ಇಲ್ಲಿ ಕೆಲವು ರೈತರು ಹುಲ್ಲುಕೊಯ್ಲನ್ನು ತಡವಾಗಿ ಮಾಡುತ್ತಾರೆ, ಗದ್ದೆಯ ಅಂಚಿನಲ್ಲಿ ತುರಿಕೆಸೊಪ್ಪಿನ ಪೊದೆಗಳನ್ನು ಬೇಕೆಂದೇ ಬಿಡುತ್ತಾರೆ. ಜುಲೈ ಕಳೆಯುತ್ತ ಬಂದಂತೆ ಕೂಗು ಕಡಿಮೆಯಾಗುತ್ತದೆ, ಹಾಗಾಗಿ ತಿಂಗಳ ಮೊದಲ ಭಾಗದಲ್ಲೇ ಹೋಗುವುದು ಒಳ್ಳೆಯದು. ಗದ್ದೆಯೊಳಗೆ ಇಳಿಯಬೇಡಿ. ಫೋನಿನಲ್ಲಿ ಅದರ ಕೂಗನ್ನು ಹಾಕಿ ಕರೆಯುವ ಅಭ್ಯಾಸ ಕೆಲವರಿಗಿದೆ, ಅದಂತೂ ಬೇಡವೇ ಬೇಡ. ಎದುರಾಳಿ ಬಂತೆಂದು ಗಂಡುಹಕ್ಕಿ ಕಂಗೆಡುತ್ತದೆ.

ಮಳೆ ಬಂದ ಹೊತ್ತಿಗೆ ನೋಡಲು ಹಳೆಯ ಜಾಗಗಳೂ ಇವೆ. ದ್ವೀಪದ ಪೂರ್ವಭಾಗದಲ್ಲಿ ಸಂತ ಕಾಲ್ಮನ್ ಹೆಸರಿನ ಪಾಳುಚರ್ಚು. 664ರಲ್ಲಿ ಇಂಗ್ಲೆಂಡಿನ ವ್ಹಿಟ್ಬಿಯಲ್ಲಿ ಈಸ್ಟರ್ ದಿನಗಣನೆಯ ವಿವಾದದಲ್ಲಿ ಸೋತ ಕಾಲ್ಮನ್, ತನ್ನ ಜೊತೆಗಾರರೊಂದಿಗೆ ಬಂದು ಇಲ್ಲಿ ಮಠ ಕಟ್ಟಿದ. ಅಲ್ಲಿ ಐರಿಷ್ ಸನ್ಯಾಸಿಗಳಿಗೂ ಇಂಗ್ಲಿಷ್ ಸನ್ಯಾಸಿಗಳಿಗೂ ಜಗಳವಾಯಿತಂತೆ. ಕೊಯ್ಲಿನ ಕಾಲದಲ್ಲಿ ಐರಿಷರು ಊರೂರು ತಿರುಗಲು ಹೊರಟು, ಚಳಿಗಾಲಕ್ಕೆ ಹಿಂತಿರುಗಿ ಕೂಡಿಟ್ಟ ಕಾಳಿನಲ್ಲಿ ಪಾಲು ಕೇಳುತ್ತಿದ್ದರು ಎಂದು 8ನೇ ಶತಮಾನದ ಇಂಗ್ಲಿಷ್ ಸನ್ಯಾಸಿ ಬೀಡ್ ಬರೆದಿದ್ದಾನೆ. ಕೊನೆಗೆ ಕಾಲ್ಮನ್ ಇಂಗ್ಲಿಷರಿಗೆ ಐರ್ಲೆಂಡಿನ ಮುಖ್ಯ ಭೂಭಾಗದ ಮೇಯೋದಲ್ಲಿ ಬೇರೆ ಮಠವನ್ನೇ ಮಾಡಿಕೊಡಬೇಕಾಯಿತು. ಈಗ ನಿಂತಿರುವ ಗೋಡೆಗಳು ಅದಕ್ಕಿಂತ ಬಹಳ ಈಚಿನವು. ಬಂದರಿನ ಬಾಯಲ್ಲಿ ದೋಣಿಯಿಂದಲೇ ಕಾಣುವುದು ಐರ್ಲೆಂಡನ್ನು ಗೆದ್ದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯ 1650ರ ದಶಕದಲ್ಲಿ ಕಟ್ಟಿದ ನಕ್ಷತ್ರಾಕಾರದ ಕೋಟೆ, ಕ್ಯಾಥೊಲಿಕ್ ಪಾದ್ರಿಗಳನ್ನು ಸೆರೆಯಿಟ್ಟದ್ದು ಅಲ್ಲೇ. ಇಳಿತದಲ್ಲಿ ಮಾತ್ರ ಕಾಲುನಡಿಗೆಯಲ್ಲಿ ತಲುಪಬಹುದಾದ ಜಾಗ ಅದು. ಅಮ್ಮನಿಗೂ ಮಗುವಿಗೂ ದೋಣಿಯಿಂದ ನೋಡಿದ್ದೇ ಸಾಕು.

ಊಟದ ಬಗ್ಗೆ ಚಿಂತೆ ಬೇಡ, ಆದರೆ ತಯಾರಿ ಬೇಕು. ದ್ವೀಪದ ಅಡುಗೆಯೆಂದರೆ ಮೀನು, ಏಡಿ, ಕುರಿಮಾಂಸ. ಕೋಣೆ ಕಾದಿರಿಸುವಾಗಲೇ ಮೀನೂ ಮೊಟ್ಟೆಯೂ ಬೇಡವೆಂದು ಬಿಡಿಸಿ ಬರೆಯಿರಿ. ತರಕಾರಿ ಸೂಪನ್ನೂ ಕೋಳಿಯ ಸಾರಿನಲ್ಲಿ ಮಾಡಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಸೋಡಾ ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆ ಎಲ್ಲೆಲ್ಲೂ ಚೆನ್ನಾಗಿರುತ್ತದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿ ಜೊತೆಗಿರಲಿ. ಅಡುಗೆಮನೆ ಇರುವ ಜಾಗ ಸಿಕ್ಕರೆ ಅಕ್ಕಿ ಬೇಳೆ ಒಯ್ದು ಸಾರು ಅನ್ನ ಮಾಡಿಕೊಳ್ಳಿ. ಅಪ್ಪ ಅಮ್ಮನ ದಿನನಿತ್ಯದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸ್ವಲ್ಪ ನಗದೂ ಇರಲಿ.

ದೋಣಿ ಹೊರಡದ ದಿನಕ್ಕೂ ಒಂದು ಯೋಜನೆ ಬೇಕು. ಹಿಂದಿನ ರಾತ್ರಿ ಐರ್ಲೆಂಡಿನ ಹವಾಮಾನ ಸಂಸ್ಥೆ ಮೆಟ್ ಏರನ್‌ನ ಸಮುದ್ರ ಮುನ್ಸೂಚನೆ ನೋಡಿ. ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಡಿಸಿದ್ದರೆ ಬೆಳಿಗ್ಗೆಯೇ ಕ್ಲೆಗನ್‌ಗೆ ಫೋನ್ ಮಾಡಿ ವಿಚಾರಿಸಿ. ದೋಣಿ ರದ್ದಾದರೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕ್ಲಾಡಾಡಫ್‌ಗೆ ಹೋಗಿ. ಎದುರಿಗಿರುವ ಓಮಿ ದ್ವೀಪಕ್ಕೆ ದೋಣಿಯೇ ಬೇಡ. ಇಳಿತದಲ್ಲಿ ಕಡಲು ಹಿಂದೆ ಸರಿದು ನಡುವೆ ಅಗಲವಾದ ಗಟ್ಟಿ ಮರಳು ಹಾಸುತ್ತದೆ, ಕಂಬಗಳ ಗುರುತು ಹಿಡಿದು ನಡೆದೇ ದಾಟಬಹುದು. ಅಲ್ಲೂ ಬಿಳಿ ಮರಳಿನ ನಿರ್ಜನ ಕೊಲ್ಲಿಗಳಿವೆ. ಇಳಿತದ ವೇಳೆಯನ್ನು ತಿಳಿದುಕೊಂಡು, ಅದಕ್ಕೆ ಒಂದೂವರೆ ಗಂಟೆ ಮೊದಲು ದಾಟಿ, ಇಳಿತ ಮುಗಿದ ಒಂದು ಗಂಟೆಯೊಳಗೆ ವಾಪಸಾಗಿ. ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡ. ಒಂದು ದಿನದ ಹೊತ್ತನ್ನು ಮರುದಿನಕ್ಕೂ ಹಿಡಿಯಬೇಡಿ. ಮರಳಿನ ಮೇಲೆ ಬೇರೆಯವರ ಕಾರು ಓಡುವುದು ಕಂಡರೂ ನಿಮ್ಮದನ್ನು ದಡದಲ್ಲೇ ಬಿಡಿ.

ಅಮ್ಮನ ಮಂಡಿನೋವು ನೀವು ಬರೆದದ್ದಕ್ಕಿಂತ ಹೆಚ್ಚಿದ್ದರೆ, ಅಂದರೆ ಹತ್ತು ನಿಮಿಷವೂ ನಡೆಯಲಾಗದಿದ್ದರೆ, ಇನಿಶ್‌ಬಾಫಿನ್ ಬಿಟ್ಟು ಆರನ್ ದ್ವೀಪಗಳಲ್ಲಿ ಚಿಕ್ಕದಾದ ಇನಿಶೀರ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಧಕ್ಕೆ ಇಳಿದ ಕೂಡಲೇ ಪಕ್ಕದಲ್ಲೇ ಬಿಳಿ ಮರಳಿನ ದಂಡೆ, ಸುತ್ತಾಡಲು ಕುದುರೆಗಾಡಿ. ಹಗಲು ಜನ ಹೆಚ್ಚು, ಆದರೆ ಅಲ್ಲೂ ರಾತ್ರಿ ಉಳಿದರೆ ಸಂಜೆ ನಿಮ್ಮದೇ.

ದಿನ ಗೊತ್ತು ಮಾಡುವಾಗ ದ್ವೀಪವನ್ನು ಅಪ್ಪ ಅಮ್ಮನ ಪ್ರವಾಸದ ಕೊನೆಯ ವಾರಕ್ಕೆ ಇಡಬೇಡಿ. ಗಾಳಿ ಎದ್ದರೆ ಹೋಗುವ ದೋಣಿಯಂತೆ ಬರುವ ದೋಣಿಯೂ ನಿಲ್ಲುತ್ತದೆ. ಅವರು ಬಂದು ನಾಲ್ಕೈದು ದಿನ ದಣಿವಾರಿಸಿಕೊಂಡ ಮೇಲೆ, ಸೋಮವಾರದಿಂದ ಗುರುವಾರದೊಳಗಿನ ಎರಡು ರಾತ್ರಿ ಆರಿಸಿಕೊಳ್ಳಿ. ಶುಕ್ರವಾರಕ್ಕೆ ಕಚೇರಿಯಲ್ಲಿ ಒಂದು ದಿನದ ರಜೆಯನ್ನು ಹೆಚ್ಚಿಗೆ ಹೇಳಿಟ್ಟಿರಿ.